ಟವೆಲ್ ಹಾಕಿ ಹಿಡಿದ ಸೀಟು

ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಕಲಿತ ಮೊದಲ ವಿದ್ಯೆ ಅಂದ್ರೆ ಟವೆಲ್ ಹಾಕೋದು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಟವೆಲ್ಲೋ ಕರ್ಚೀಫೋ ಸೀಟಿನ ಮೇಲೆ ಬಿದ್ದರೆ ಆ ಸೀಟು ನಮ್ಮದು. ಎಲ್ಲೂ ಬರೆದಿಲ್ಲ, ಆದರೆ ಎಲ್ಲರೂ ಒಪ್ಪಿರುವ ಕಾನೂನು ಅದು. ಹಬ್ಬದ ಹಿಂದಿನ ದಿನ ಮಾತ್ರ ಕಾನೂನು ಕೆಡುತ್ತದೆ. ಒಬ್ಬನೇ ನಾಲ್ಕು ಟವೆಲ್ ಎಸೆಯುತ್ತಾನೆ. ಇನ್ನೊಬ್ಬ ಅವನ್ನ ಮಡಿಚಿ ಪಕ್ಕಕ್ಕಿಟ್ಟು ಕೂತೇಬಿಡುತ್ತಾನೆ. ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಬಂದಾಗ ಕಂಡಕ್ಟರ್ ಹತ್ತಿ, "ಟವೆಲ್‌ಗೆಲ್ಲ ಟಿಕೆಟ್ ತಗೊಂಡಿದೀರೇನ್ರೀ?" ಅಂತ ಎಲ್ಲ ಟವೆಲ್ಲುಗಳನ್ನೂ ಗುಡ್ಡೆ ಹಾಕುತ್ತಾನೆ. ಆ ಗುಡ್ಡೆಯಲ್ಲಿ, ಮಗು ಎತ್ತಿಕೊಂಡು ಒಂದೇ ಒಂದು ಟವೆಲ್ ಹಾಕಿದ್ದ ಹೆಂಗಸಿನ ಟವೆಲ್ಲೂ ಇರುತ್ತದೆ.

ಬಿಇ ಮುಗಿಸಿ 2010ರಲ್ಲಿ ಬೆಂಗಳೂರಿಗೆ ಬಂದ ನನಗೆ ಸಿಕ್ಕ ಮೊದಲ ಕೆಲಸವೂ ಇದೇ. ಆಫೀಸಿನಲ್ಲಿ ಅದಕ್ಕೆ ಎಸ್‌ಇಒ ಅನ್ನೋ ಹೆಸರಿತ್ತು, ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್. ಯಾರಾದರೂ ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ನಮ್ಮ ಗಿರಾಕಿಯ ವೆಬ್‌ಸೈಟ್ ಮೊದಲ ಪುಟದಲ್ಲಿ, ಆದರೆ ಮೊದಲ ಸಾಲಿನಲ್ಲೇ ಬರಬೇಕು. ಹದಿನೈದು ಜನರ ಸಣ್ಣ ಕಂಪನಿ. ಹೆಸರು ಬೇಡ, ಈಗ ಅದು ಇಲ್ಲವೂ ಇಲ್ಲ. ಮನೆಯಲ್ಲಿ "ಏನ್ ಕೆಲಸ?" ಅಂತ ಕೇಳಿದಾಗ ಅಪ್ಪನಿಗೆ "ಸಾಫ್ಟ್‌ವೇರು" ಅಂದಿದ್ದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಆಗ ಈ ಕೆಲಸದ ಇತಿಹಾಸ ನನಗೆ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದೆ. ಓದಿದ ಮೇಲೆ ನಾನು ಮಾಡಿದ್ದೇನು ಅಂತ ಗೊತ್ತಾಯಿತು.

ಶುರುವಿನಲ್ಲಿ ಸರ್ಚ್ ಅನ್ನೋದು ಯಂತ್ರದ ಕೆಲಸವೇ ಆಗಿರಲಿಲ್ಲ ಅನ್ನಬಹುದು. 1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ, ತಮಗೆ ಕಂಡ ವೆಬ್‌ಸೈಟುಗಳ ಪಟ್ಟಿ ಮಾಡಿಡೋಕೆ ಶುರು ಮಾಡಿದರು. ಅದೇ ಯಾಹೂ ಆಯಿತು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದ ಹಾಗೆ ಮನುಷ್ಯರೇ ಕೂತು ಒಂದೊಂದು ಸೈಟನ್ನೂ ನೋಡಿ ಯಾವ ಕಪಾಟಿಗೆ ಸೇರಬೇಕು ಅಂತ ತೀರ್ಮಾನಿಸುತ್ತಿದ್ದರು. ಆ ಕಪಾಟುಗಳ ವ್ಯವಸ್ಥೆ ನೋಡಿಕೊಂಡವರು ಶ್ರೀನಿಜಾ ಶ್ರೀನಿವಾಸನ್, ಕಂಪನಿಯ ಐದನೇ ಉದ್ಯೋಗಿ. ಒಂದೇ ತೊಂದರೆ: ಒಂದು ಕಪಾಟಿನೊಳಗೆ ಸೈಟುಗಳು ನಿಲ್ಲುತ್ತಿದ್ದದ್ದು ಅಕ್ಷರಮಾಲೆಯ ಕ್ರಮದಲ್ಲಿ. ಸರಿ, ಅಂಗಡಿಗಳ ಹೆಸರೆಲ್ಲ 'ಎ' ಇಂದ ಶುರುವಾಗತೊಡಗಿದವು. ಕೆಲವರು ಹೆಸರಿನ ಮುಂದೆ 'ಎಎಎ' ಸೇರಿಸಿದರು, ಕೆಲವರು ಅಂಕಿ ಸೇರಿಸಿದರು. ಟೆಲಿಫೋನ್ ಡೈರೆಕ್ಟರಿ ಕಾಲದಿಂದಲೂ ನಡೆದು ಬಂದ ಹಳೇ ಉಪಾಯ ಇದು. ಎಸ್‌ಇಒ ಅನ್ನೋ ಪದ ಚಾಲ್ತಿಗೆ ಬರೋದಕ್ಕಿಂತ ಮೊದಲೇ ಎಸ್‌ಇಒ ಇತ್ತು ಅಂತ ನನ್ನ ವಾದ. ಮುಂದೆ ಯಾಹೂ ವ್ಯಾಪಾರದ ಸೈಟುಗಳನ್ನು ಬೇಗ ಪರಿಶೀಲಿಸೋಕೆ 199 ಡಾಲರ್ ತಗೊಳ್ಳೋಕೆ ಶುರು ಮಾಡಿತು, ಆಮೇಲೆ ವರ್ಷಕ್ಕೆ 299. ಆ ಪಟ್ಟಿ 2014ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಷ್ಟೊತ್ತಿಗೆ ಅದನ್ನು ನೋಡುವವರೇ ಇರಲಿಲ್ಲ.

ಮನುಷ್ಯರು ಎಷ್ಟು ಅಂತ ನೋಡ್ತಾರೆ? ವೆಬ್ ಬೆಳೆಯುವ ವೇಗಕ್ಕೆ ಯಂತ್ರವೇ ಬೇಕಾಯಿತು. ವೆಬ್‌ಕ್ರಾಲರ್, ಲೈಕಾಸ್, ಇನ್ಫೋಸೀಕ್, 1995ರ ಡಿಸೆಂಬರ್‌ನಲ್ಲಿ ಡಿಜಿಟಲ್ ಕಂಪನಿಯ ಆಲ್ಟಾವಿಸ್ಟಾ. ಈ ಯಂತ್ರಗಳು ಪುಟದ ಮೇಲಿರುವ ಪದಗಳನ್ನೇ ನಂಬುತ್ತಿದ್ದವು. 'ಹೋಟೆಲ್' ಅಂತ ಹುಡುಕಿದರೆ ಹೋಟೆಲ್ ಅನ್ನೋ ಪದ ಎಲ್ಲಿದೆ, ಎಷ್ಟು ಸಲ ಇದೆ, ತಲೆಬರಹದಲ್ಲಿದೆಯಾ ಅಂತ ನೋಡೋದು. ಅಂದರೆ ಅಂಗಡಿಯವನು ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದನ್ನು ನಂಬೋದು. ಇದರ ಫಲ ಏನಾಗಿರಬಹುದು ಅಂತ ನಮ್ಮ ಕಡೆ ತೆಂಗಿನಕಾಯಿ ವ್ಯಾಪಾರ ನೋಡಿದ ಯಾರು ಬೇಕಾದರೂ ಹೇಳಿಯಾರು. ಪುಟದ ಕೆಳಗೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ 'ಹೋಟೆಲ್ ಹೋಟೆಲ್ ಹೋಟೆಲ್' ಅಂತ ನೂರಾರು ಸಲ ಬರೆದಿಡುತ್ತಿದ್ದರು. ಓದುವವರಿಗೆ ಖಾಲಿ ಜಾಗ, ಯಂತ್ರಕ್ಕೆ ಅಮೃತ.

ಇನ್ನೊಂದು ಮೆಟಾ ಕೀವರ್ಡ್. ಪುಟದ ಹಿಂಬದಿಯ ಕೋಡಿನಲ್ಲಿ, ಓದುವವರಿಗೆ ಕಾಣದ ಹಾಗೆ, ಈ ಪುಟ ಯಾವುದರ ಬಗ್ಗೆ ಅಂತ ಬರೆದಿಡುವ ಸಾಲು. ಒಳ್ಳೇ ಉದ್ದೇಶದಿಂದಲೇ ಹುಟ್ಟಿದ್ದು. ಜನ ಅದರೊಳಗೆ ಪುಟಕ್ಕೆ ಸಂಬಂಧವೇ ಇಲ್ಲದ ಸಿನಿಮಾ ನಟಿಯರ ಹೆಸರನ್ನೆಲ್ಲ ತುಂಬಿಸಿದರು. ತನ್ನ ಸರ್ಚ್ ರ‍್ಯಾಂಕಿಗೆ ಈ ಸಾಲನ್ನು ಬಳಸುವುದೇ ಇಲ್ಲ ಅಂತ ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿತು. 2011ರಲ್ಲೂ ನಮ್ಮ ಆಫೀಸಿನ ಬಿಲ್ಲಿನಲ್ಲಿ 'ಮೆಟಾ ಕೀವರ್ಡ್ ರಚನೆ' ಅಂತ ಒಂದು ಸಾಲಿತ್ತು. ಬರೆಯುತ್ತಿದ್ದವನು ನಾನು.

ಇಲ್ಲಿ ಕನ್ನಡದ ಕಥೆ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಈ ಜಗಳ ನಡೆಯುತ್ತಿದ್ದಾಗ ವೆಬ್‌ನಲ್ಲಿ ಕನ್ನಡ ಇರಲೇ ಇಲ್ಲ ಅಂತಲ್ಲ, ಇತ್ತು. ಆದರೆ ಒಬ್ಬೊಬ್ಬರದು ಒಂದೊಂದು ಫಾಂಟು. ಪರದೆಯ ಮೇಲೆ ಮುದ್ದಾದ ಕನ್ನಡ ಅಕ್ಷರ, ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರುವುದು ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳ ಚಿತ್ರಾನ್ನ. ನಿಮ್ಮ ಹತ್ತಿರ ಆ ಫಾಂಟು ಇಲ್ಲದಿದ್ದರೆ ಆ ಚಿತ್ರಾನ್ನವೇ ಕಾಣುತ್ತಿತ್ತು. ಸರ್ಚ್ ಎಂಜಿನ್‌ಗೆ ಯಾವಾಗಲೂ ಕಾಣುತ್ತಿದ್ದದ್ದು ಅದೇ. ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗ ಇತ್ತು, ಆದರೆ ಅದು ಸಾಮಾನ್ಯರ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ, 'ತುಂಗಾ' ಅನ್ನೋ ಫಾಂಟಿನೊಂದಿಗೆ. ಹಳೇ ಪುಟಗಳು ಯುನಿಕೋಡ್‌ಗೆ ಬದಲಾಗೋಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಬೇರೆಯವರು ಸೀಟಿಗೆ ಜಗಳ ಆಡುತ್ತಿದ್ದಾಗ ನಾವಿನ್ನೂ ಬಸ್‌ಸ್ಟ್ಯಾಂಡಿನ ದಾರಿಯಲ್ಲಿದ್ವಿ.

ಈಗ ಗೂಗಲ್‌ಗೆ ಬರೋಣ. ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ 1998ರಲ್ಲಿ ಬರೆದ ಪ್ರಬಂಧ ಈಗಲೂ ಓದೋಕೆ ಸಿಗುತ್ತದೆ, ಓದಬೇಕು ಕೂಡ. ಅದರಲ್ಲೊಂದು ತಮಾಷೆಯ ಸಂಗತಿ ಇದೆ. 1997ರ ನವೆಂಬರ್‌ನಲ್ಲಿ ಅವರು ನಾಲ್ಕು ದೊಡ್ಡ ಸರ್ಚ್ ಎಂಜಿನ್‌ಗಳಲ್ಲಿ ಆಯಾ ಎಂಜಿನ್‌ನ ಹೆಸರನ್ನೇ ಕೊಟ್ಟು ಹುಡುಕಿ ನೋಡಿದರು. ಮೊದಲ ಹತ್ತು ಫಲಿತಾಂಶದಲ್ಲಿ ತನ್ನನ್ನೇ ತಾನು ಹುಡುಕಿಕೊಂಡಿದ್ದು ಒಂದೇ ಒಂದು! ಪದ ತುಂಬಿಸುವವರು ವೆಬ್ಬನ್ನು ಅಷ್ಟರ ಮಟ್ಟಿಗೆ ಕೆಡಿಸಿಟ್ಟಿದ್ದರು.

ಅವರು ಕೊಟ್ಟ ಪರಿಹಾರ ಪೇಜ್‌ರ‍್ಯಾಂಕ್. ಅದನ್ನ ನಮ್ಮೂರಿನ ಭಾಷೆಯಲ್ಲಿ ಹೇಳ್ತೀನಿ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಊರಲ್ಲಿ ವಿಚಾರಿಸುತ್ತಾರೆ. ಹುಡುಗ ತನ್ನ ಬಗ್ಗೆ ಏನು ಹೇಳ್ಕೊಂಡ ಅನ್ನೋದಕ್ಕೆ ಬೆಲೆ ಇಲ್ಲ, ಬೇರೆಯವರು ಏನಂತಾರೆ ಅನ್ನೋದಕ್ಕೆ ಬೆಲೆ. ಬೇರೆಯವರಲ್ಲೂ ಎಲ್ಲರ ಮಾತಿನ ತೂಕ ಒಂದೇ ಅಲ್ಲ. ಊರೇ ಗೌರವಿಸುವ ಮೇಷ್ಟ್ರು "ಒಳ್ಳೇ ಹುಡುಗ" ಅಂದರೆ ಅದು ಭಾರ. ಆದರೆ ಅದೇ ಮೇಷ್ಟ್ರು ಊರಿನ ಇನ್ನೂರು ಹುಡುಗರಿಗೂ "ಒಳ್ಳೇ ಹುಡುಗ" ಅಂತ ಸರ್ಟಿಫಿಕೇಟ್ ಕೊಡುವವರಾದರೆ ಆ ಭಾರ ಇನ್ನೂರು ಪಾಲಾಗುತ್ತದೆ. ಇಷ್ಟೇ ಪೇಜ್‌ರ‍್ಯಾಂಕ್. ಒಂದು ಪುಟದಿಂದ ಇನ್ನೊಂದಕ್ಕೆ ಇರುವ ಲಿಂಕ್ ಅಂದರೆ ಒಂದು ಮಾತು. ಆಡಿದವರ ತೂಕ, ಅವರು ಎಷ್ಟು ಜನಕ್ಕೆ ಆ ಮಾತು ಆಡಿದ್ದಾರೆ ಅನ್ನೋದು, ಎರಡೂ ಲೆಕ್ಕಕ್ಕೆ. ಮೇಷ್ಟ್ರ ತೂಕ ಎಲ್ಲಿಂದ ಬಂತು? ಅವರ ಬಗ್ಗೆ ಬೇರೆಯವರು ಆಡಿದ ಮಾತಿನಿಂದ. ಹಾಗೇ ಸುತ್ತಿ ಸುತ್ತಿ ಲೆಕ್ಕ ಹಾಕ್ತಾ ಹೋದರೆ ಒಂದು ಹಂತದಲ್ಲಿ ಅಂಕಿಗಳು ನಿಲ್ಲುತ್ತವೆ. ಬಿಇನಲ್ಲಿ ಮ್ಯಾಟ್ರಿಕ್ಸ್, ಐಗನ್ ವ್ಯಾಲ್ಯೂ ಅಂತ ನಿದ್ದೆಗಣ್ಣಲ್ಲಿ ಓದಿದ್ವಲ್ಲ, ಅದೇ.

ಈ ಯೋಚನೆಯ ಬೇರು ವಿಜ್ಞಾನಿಗಳ ಲೋಕದಲ್ಲಿತ್ತು. ಒಂದು ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಎಣಿಸುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲೇ ಹೊರತಂದಿದ್ದರು. ಅದು ಕೆಲಸ ಮಾಡಿದ್ದು ಏಕೆ ಅಂದರೆ ಉಲ್ಲೇಖಿಸುವವರು ಅದರ ಎಣಿಕೆ ನಡೆಯುತ್ತದೆ ಅನ್ನೋದನ್ನ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರಲಿಲ್ಲ. ವೆಬ್‌ನಲ್ಲೂ 1998ರಲ್ಲಿ ಜನ ಲಿಂಕ್ ಕೊಡುತ್ತಿದ್ದದ್ದು 'ಇದು ಚೆನ್ನಾಗಿದೆ, ನೋಡಿ' ಅನ್ನೋ ಒಂದೇ ಕಾರಣಕ್ಕೆ. ಪೇಜ್‌ರ‍್ಯಾಂಕ್ ಎಣಿಸಿದ್ದು ಆ ಮುಗ್ಧತೆಯನ್ನು.

ಅದು ಹೆಚ್ಚು ದಿನ ಉಳಿಯಲಿಲ್ಲ. ಕೆಡಿಸಿದ್ದರಲ್ಲಿ ಗೂಗಲ್‌ನ ಕೈಯೂ ಇದೆ. 2000ದ ಡಿಸೆಂಬರ್‌ನಲ್ಲಿ ಅವರು ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ಟೂಲ್‌ಬಾರ್ ಬಿಟ್ಟರು. ಅದರಲ್ಲಿ ಒಂದು ಪುಟ್ಟ ಹಸಿರು ಪಟ್ಟಿ, ನೀವು ನೋಡುತ್ತಿರುವ ಪುಟಕ್ಕೆ ಹತ್ತಕ್ಕೆ ಎಷ್ಟು ಅಂಕ ಅಂತ ತೋರಿಸೋದು. ಅಲ್ಲಿಗೆ ಮೇಷ್ಟ್ರ ಮಾತಿನ ತೂಕ ಎಷ್ಟು ಕೇಜಿ ಅಂತ ಅವರ ಹಣೆಯ ಮೇಲೇ ಬರೆದ ಹಾಗಾಯಿತು. ಮಾರೋಕೆ ಇನ್ನೇನು ಬೇಕು? 'ಏಳು ಅಂಕದ ಪುಟದಿಂದ ಲಿಂಕ್, ತಿಂಗಳಿಗೆ ಇಷ್ಟು ಡಾಲರ್' ಅನ್ನೋ ಸಂತೆಯೇ ಹುಟ್ಟಿತು. ಅಮೆರಿಕದ ಒಕ್ಲಹೋಮಾದ ಸರ್ಚ್‌ಕಿಂಗ್ ಅನ್ನೋ ಕಂಪನಿ 2002ರಲ್ಲಿ ಇದನ್ನೇ ರಾಜಾರೋಷವಾಗಿ ದಲ್ಲಾಳಿ ವ್ಯವಹಾರ ಮಾಡಿಕೊಂಡಿತು. ಸ್ವಲ್ಪ ದಿನಕ್ಕೆ ಅದರ ಅಂಕ 8ರಿಂದ 4ಕ್ಕೆ ಬಿತ್ತು. ಕಂಪನಿ ಕೋರ್ಟಿಗೆ ಹೋಯಿತು. 2003ರ ಮೇನಲ್ಲಿ ನ್ಯಾಯಾಧೀಶರು ಕೇಸು ವಜಾ ಮಾಡಿದರು: ಪೇಜ್‌ರ‍್ಯಾಂಕ್ ಅನ್ನೋದು ಗೂಗಲ್‌ನ ಅಭಿಪ್ರಾಯ, ಅಭಿಪ್ರಾಯ ಇಟ್ಟುಕೊಳ್ಳೋಕೆ ಅಮೆರಿಕದ ಸಂವಿಧಾನದ ರಕ್ಷಣೆ ಇದೆ ಅಂತ. ಗಣಿತ ಅಂತ ನಾವೆಲ್ಲ ನಂಬಿಕೊಂಡಿದ್ದು ಕೋರ್ಟಿನಲ್ಲಿ ಅಭಿಪ್ರಾಯ ಆಗಿಬಿಟ್ಟಿತು. ಈ ತೀರ್ಪು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಅಂದರೆ ನೀವು ನಗಬಹುದು.

ಅದೇ ವರ್ಷ ನವೆಂಬರ್ ಮಧ್ಯದಲ್ಲಿ ಮೊದಲ ದೊಡ್ಡ ಗುಡಿಸುವಿಕೆ ನಡೆಯಿತು. ಅದಕ್ಕೆ 'ಫ್ಲೋರಿಡಾ' ಅಂತ ಹೆಸರು ಬಿತ್ತು. ಕ್ರಿಸ್‌ಮಸ್ ವ್ಯಾಪಾರದ ಹೊತ್ತು. ವರ್ಷದ ಮುಕ್ಕಾಲು ಸಂಪಾದನೆ ಆ ಒಂದೂವರೆ ತಿಂಗಳಲ್ಲೇ ಮಾಡಿಕೊಳ್ಳುವ ಸಣ್ಣ ಅಂಗಡಿಗಳು ಬೆಳಗ್ಗೆ ಎದ್ದು ನೋಡಿದರೆ ಸರ್ಚಿನಲ್ಲಿ ಮಾಯ. ಅವರಲ್ಲಿ ಕಳ್ಳರಿದ್ದರು, ಕಳ್ಳರ ಮಾತು ಕೇಳಿದವರೂ ಇದ್ದರು, ಏನೂ ಮಾಡದವರೂ ಇದ್ದರು.

ಗುಡಿಸೋದು ಹೇಗೆ ಅನ್ನೋ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಬೆಂಗಳೂರಿನವರದು. ಕೃಷ್ಣ ಭರತ್ ಅಂತ. ಇಲ್ಲೇ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿ, ಮದ್ರಾಸ್ ಐಐಟಿ ಮುಗಿಸಿ ಅಮೆರಿಕಕ್ಕೆ ಹೋದವರು. ಗೂಗಲ್ ನ್ಯೂಸ್ ಶುರು ಮಾಡಿದವರು ಅಂತ ಹೆಚ್ಚಿನವರಿಗೆ ಗೊತ್ತು. 2004ರಲ್ಲಿ ಗೂಗಲ್‌ನ ಬೆಂಗಳೂರು ಕೇಂದ್ರ ಕಟ್ಟಿದ್ದರಲ್ಲೂ ಅವರಿದ್ದರು. ಅದಕ್ಕೂ ಮೊದಲು ಜಾರ್ಜ್ ಮಿಹೈಲಾ ಅನ್ನುವವರ ಜೊತೆ ಸೇರಿ ಅವರು 'ಹಿಲ್‌ಟಾಪ್' ಅನ್ನೋ ವಿಧಾನವನ್ನು ಬರೆದಿದ್ದರು. ಅದರ ತಿರುಳು ನಮ್ಮ ಪಂಚಾಯ್ತಿ ಕಟ್ಟೆಗೆ ಚೆನ್ನಾಗಿ ಗೊತ್ತಿರೋದೇ: ಸಂಬಂಧಿಕರ ಸಾಕ್ಷಿ ನಡೆಯಲ್ಲ. ಒಂದು ವಿಷಯ ಬಲ್ಲ ಪುಟಗಳನ್ನು ಮೊದಲು ಗುರುತಿಸೋದು. ಅವುಗಳಲ್ಲಿ ಒಂದಕ್ಕೊಂದು ನಂಟಿರದ ಕನಿಷ್ಠ ಎರಡು ಪುಟ ಬೊಟ್ಟು ಮಾಡಿದರೆ ಮಾತ್ರ ಆ ಮಾತಿಗೆ ಬೆಲೆ. ನಂಟಿದೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಇಂಟರ್ನೆಟ್ ವಿಳಾಸ, ಅಂದರೆ ಐಪಿಯ ಮೊದಲ ಮೂರು ಭಾಗ ಒಂದೇ ಆಗಿದ್ದರೆ ಇಬ್ಬರೂ ಒಂದೇ ಮನೆಯವರು ಅಂತ ಲೆಕ್ಕ. ಎಷ್ಟು ಸರಳ ನೋಡಿ. ಫ್ಲೋರಿಡಾದಲ್ಲಿ ಬಳಸಿದ್ದು ಇದನ್ನೇ ಅಂತ ಆಗ ಎಸ್‌ಇಒದವರು ಊಹಿಸಿ ಊಹಿಸಿ ಬರೆದರು. ಊಹೆ ಮಾಡಿ ಸುಮ್ಮನಿದ್ದರಾ? ಮಾರನೇ ದಿನದಿಂದ ಬೇರೆ ಬೇರೆ ಐಪಿಯ ಹೋಸ್ಟಿಂಗ್ ಮಾರೋಕೆ ಶುರು. ಸಂಬಂಧಿಕರ ಸಾಕ್ಷಿ ಬೇಡ ಅಂದರೆ ಬಾಡಿಗೆ ಸಾಕ್ಷಿ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಈ ಬಾಡಿಗೆ ಸಾಕ್ಷಿಯ ಉದ್ಯಮ ನಮ್ಮ ಊರುಗಳಿಂದ ಬಂದ ಹುಡುಗರ ಮೇಲೆ ನಿಂತಿತ್ತು. ಬೆಳಗ್ಗೆ ಒಂಬತ್ತೂವರೆಗೆ ಕೂತರೆ ದಿನಕ್ಕೆ ಅರವತ್ತು ಲಿಂಕಿನ ಟಾರ್ಗೆಟ್. ಯಾರೋ ಬರೆದ ತೋಟಗಾರಿಕೆಯ ಬರಹದ ಕೆಳಗೆ 'ಬಹಳ ಉಪಯುಕ್ತ ಮಾಹಿತಿ, ಧನ್ಯವಾದ' ಅಂತ ಇಂಗ್ಲಿಷಿನಲ್ಲಿ ಬರೆದು ಲಿಂಕ್ ಅಂಟಿಸೋದು. ಒಂದು ಲೇಖನವನ್ನು ಸಾಫ್ಟ್‌ವೇರಿಗೆ ಹಾಕಿ ಪದ ಬದಲಿಸಿ ನಲವತ್ತು ಲೇಖನ ಮಾಡೋದು. 'ಬಿಸಿ ಕಾಫಿ' ಅನ್ನೋದು ಒಂದರಲ್ಲಿ 'ಸುಡುವ ಕಾಫಿ', ಇನ್ನೊಂದರಲ್ಲಿ 'ಜ್ವರದ ಕಾಫಿ' ಅನ್ನೋ ಹಾಗೆ ಬರುತ್ತಿತ್ತು. ಓದುವವರು ಯಾರೂ ಇಲ್ಲ, ಹಾಗಾಗಿ ನಗುವವರೂ ನಾವೇ. ಟೀ ಬ್ರೇಕಿನಲ್ಲಿ ಜೋರಾಗಿ ಓದಿಕೊಂಡು ನಗ್ತಿದ್ವಿ.

2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ದೊಡ್ಡ ವರದಿ ಹಾಕಿತು. ಜೆಸಿ ಪೆನ್ನಿ ಅನ್ನೋ ಅಮೆರಿಕದ ದೊಡ್ಡ ಬಟ್ಟೆ ಅಂಗಡಿ ಉಡುಪು, ಹಾಸಿಗೆ, ರತ್ನಗಂಬಳಿ, ಏನು ಹುಡುಕಿದರೂ ಮೊದಲು ಬರುತ್ತಿತ್ತು. ಕಾರಣ ನೋಡಿದರೆ ಸಂಬಂಧವೇ ಇಲ್ಲದ ಎರಡು ಸಾವಿರಕ್ಕೂ ಹೆಚ್ಚು ಪುಟಗಳಿಂದ ಅದಕ್ಕೆ ಲಿಂಕ್. ನಮಗೇನೂ ಗೊತ್ತಿರಲಿಲ್ಲ ಅಂತ ಕಂಪನಿ ಹೇಳಿತು, ಎಸ್‌ಇಒ ಸಂಸ್ಥೆಯನ್ನು ಕಿತ್ತುಹಾಕಿತು. ಗೂಗಲ್ ಅದರ ಸ್ಥಾನ ಇಳಿಸಿತು. ತೊಂಬತ್ತು ದಿನ ಶಿಕ್ಷೆ, ಆಮೇಲೆ ವಾಪಸ್. 2006ರಲ್ಲಿ ಬಿಎಂಡಬ್ಲ್ಯೂನ ಜರ್ಮನ್ ಸೈಟು ಯಂತ್ರಕ್ಕೊಂದು ಪುಟ, ಮನುಷ್ಯರಿಗೊಂದು ಪುಟ ತೋರಿಸಿ ಸಿಕ್ಕಿಬಿದ್ದಾಗಲೂ ಅಷ್ಟೇ, ಕೆಲವೇ ದಿನಕ್ಕೆ ವಾಪಸ್ ಬಂದಿತ್ತು. ಬಿಎಂಡಬ್ಲ್ಯೂ ಅಂತ ಹುಡುಕಿದವರಿಗೆ ಬಿಎಂಡಬ್ಲ್ಯೂ ಸಿಗದಿದ್ದರೆ ಮರ್ಯಾದೆ ಹೋಗೋದು ಯಾರದು ಹೇಳಿ?

ಅದೇ ತಿಂಗಳ ಕೊನೆಗೆ 'ಪಾಂಡಾ' ಬಂತು. ಕರಡಿಗೂ ಅದಕ್ಕೂ ಸಂಬಂಧ ಇಲ್ಲ, ಅದನ್ನು ಸಾಧ್ಯ ಮಾಡಿದ ಎಂಜಿನಿಯರ್ ಒಬ್ಬರ ಮನೆತನದ ಹೆಸರು. ಸರ್ಚಿಗಾಗಿ ರಾಶಿ ರಾಶಿ ಸಪ್ಪೆ ಲೇಖನ ಉತ್ಪಾದಿಸುವ ಸೈಟುಗಳು ಅದರ ಗುರಿ. ಅಮೆರಿಕದ ಸುಮಾರು ಶೇ. 12ರಷ್ಟು ಹುಡುಕಾಟಗಳ ಫಲಿತಾಂಶ ಬದಲಾಯಿತು. ನಮ್ಮ ಬಾಸ್ ಒಂದು ವಾರ ಮುಖ ಸಪ್ಪೆ ಮಾಡಿಕೊಂಡಿದ್ದು, ಆಮೇಲೆ "ಲೇಖನ ಕಮ್ಮಿ ಮಾಡಿ, ಲಿಂಕ್ ಜಾಸ್ತಿ ಮಾಡಿ" ಅಂದರು.

ಆಗ ನಮಗೊಬ್ಬರು ಗಿರಾಕಿ ಇದ್ದರು. ಸಕಲೇಶಪುರದ ಕಡೆಯ ಗೌಡರು. ಹತ್ತು ಎಕರೆ ಕಾಫಿ, ಹಳೇ ಮನೆ, ಮನೆಗೆ ಸೇರಿಸಿ ಮೂರು ರೂಮಿನ ಹೋಂಸ್ಟೇ. ತಿಂಗಳಿಗೆ ಎಂಟು ಸಾವಿರ ಕೊಡುತ್ತಿದ್ದರು. ಅಷ್ಟೂ ಗಿರಾಕಿಗಳಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ, ಹಾಗಾಗಿ ಅವರು ನನ್ನ ಪಾಲಿಗೆ ಬಂದರು. ಸಕಲೇಶಪುರದ ಹೋಂಸ್ಟೇ ಅಂತ ಹುಡುಕಿದರೆ ಅವರದು ಎರಡನೇ ಸಾಲಿನಲ್ಲಿ ಬರುವ ಹಾಗೆ ಎಂಟು ತಿಂಗಳಲ್ಲಿ ಮಾಡಿದ್ದೆ. ಹೇಗೆ ಅಂದರೆ ಸಾವಿರದ ಮೇಲೆ ಲಿಂಕು. ಎಲ್ಲದರಲ್ಲೂ ಅದೇ ಮೂರು ಪದ. ರಷ್ಯಾದ ಔಷಧಿ ಅಂಗಡಿಯ ಪುಟದಿಂದ ಹಿಡಿದು ಯಾವುದೋ ನಾಯಿ ಸಾಕುವವರ ಪುಟದವರೆಗೆ ಎಲ್ಲರೂ ಸಕಲೇಶಪುರದ ಹೋಂಸ್ಟೇ ಚೆನ್ನಾಗಿದೆ ಅಂತ ಸಾಕ್ಷಿ ಹೇಳುತ್ತಿದ್ದರು. ಗೌಡರಿಗೆ ಇದ್ಯಾವುದೂ ಗೊತ್ತಿಲ್ಲ. ವಾರಾಂತ್ಯ ರೂಮು ತುಂಬುತ್ತಿದೆ, ಅಷ್ಟು ಗೊತ್ತು. ಒಂದು ಸಲ ಆಫೀಸಿಗೆ ಒಂದು ಮೂಟೆ ಕಿತ್ತಳೆ ಕಳಿಸಿದ್ದರು.

2012ರ ಏಪ್ರಿಲ್ 24ಕ್ಕೆ 'ಪೆಂಗ್ವಿನ್' ಬಂತು. ಈ ಸಲದ ಗುರಿ ಕೊಂಡ ಲಿಂಕುಗಳು. ಒಂದೇ ಪದಗಳ ಸಾವಿರ ಲಿಂಕು ಅಂದರೆ ಸ್ವಾಭಾವಿಕ ಅಲ್ಲ ಅಂತ ಯಂತ್ರಕ್ಕೆ ಈಗ ತಿಳಿಯುತ್ತಿತ್ತು. ಇಂಗ್ಲಿಷಿನ ಶೇ. 3ರಷ್ಟು ಹುಡುಕಾಟದ ಮೇಲೆ ಪರಿಣಾಮ ಅಂತ ಗೂಗಲ್ ಹೇಳಿತು. ಆ ಮೂರರಲ್ಲಿ ಗೌಡರದೂ ಇತ್ತು.

ಫೋನು ಬಂದದ್ದು ಮೇ ಮೊದಲ ವಾರ, ಬೇಸಿಗೆ ರಜೆಯ ಸೀಸನ್ನು.

"ಏನ್ ಮಾಡಿದ್ರಿ ಮಾರಾಯ್ರೆ? ಹೋದ ವಾರದವರೆಗೂ ಮೇಲೇ ಇತ್ತು. ಈಗ ಆರನೇ ಪುಟ ನೋಡಿದ್ರೂ ಇಲ್ವಲ್ಲ."

"ಆಲ್ಗೊರಿದಮ್ ಚೇಂಜ್ ಆಗಿದೆ ಸರ್."

"ಅದೇನೋ ನಂಗೊತ್ತಿಲ್ಲ. ನಿಮ್ ಮಾತ್ ನಂಬಿ ಬ್ಯಾಂಕಲ್ ಸಾಲ ತೆಗ್ದು ಇನ್ನೆರಡು ರೂಮ್ ಕಟ್ಟಿಸ್ತಿದೀನಿ. ಸರಿ ಮಾಡ್ಕೊಡಿ."

ಸರಿ ಮಾಡಿಕೊಡ್ತೀನಿ ಅಂದೆ. ಬಾಸ್ ಹತ್ತಿರ ಹೋದರೆ ಅವರು ತಲೆಯೆತ್ತದೆ "ಹೊಸ ಡೊಮೈನ್ ತಗೊಳ್ಳೋಕೆ ಹೇಳು, ಹೊಸ ಪ್ಯಾಕೇಜು" ಅಂದರು. ಗೌಡರ ಹಳೇ ವೆಬ್‌ಸೈಟಿನ ಹೆಸರು ಅವರ ಜೀಪಿನ ಮೇಲೆ, ಕಾಫಿಪುಡಿ ಪೊಟ್ಟಣದ ಮೇಲೆ, ಹೈವೇ ಬೋರ್ಡಿನ ಮೇಲೆ ಎಲ್ಲ ಕಡೆ ಇತ್ತು.

ಆಮೇಲಿನ ಐದು ತಿಂಗಳು ನಾನು ಮಾಡಿದ ಕೆಲಸ, ಹಾಕಿದ ಟವೆಲ್ಲುಗಳನ್ನು ಒಂದೊಂದಾಗಿ ತೆಗೆಯೋದು. ಲಿಂಕ್ ಹಾಕಿಸಿಕೊಂಡ ಸೈಟಿನವರಿಗೇ ಪತ್ರ ಬರೆದು, ದಯವಿಟ್ಟು ತೆಗೀರಿ ಅಂತ ಬೇಡಿಕೊಳ್ಳೋದು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಕೆಲವರು ತೆಗೆಯೋಕೂ ದುಡ್ಡು ಕೇಳಿದರು: ಹಾಕೋಕೆ ಎರಡು ಡಾಲರ್, ತೆಗೆಯೋಕೆ ಹತ್ತು. ಅಕ್ಟೋಬರ್‌ನಲ್ಲಿ ಗೂಗಲ್ 'ಡಿಸಾವೋ' ಅನ್ನೋ ಸೌಲಭ್ಯ ಕೊಟ್ಟಿತು. ಈ ಲಿಂಕುಗಳಿಗೂ ನಮಗೂ ಸಂಬಂಧ ಇಲ್ಲ ಅಂತ ಪಟ್ಟಿ ಮಾಡಿ ಸಲ್ಲಿಸೋದು. ಹೆಚ್ಚುಕಮ್ಮಿ ಒಂದು ಅಫಿಡವಿಟ್. ನಾನೇ ಹಾಕಿದ ಸಾವಿರದಿನ್ನೂರು ಲಿಂಕುಗಳಿಗೆ ಸಂಬಂಧ ಇಲ್ಲ ಅಂತ ಗೌಡರ ಹೆಸರಿನಲ್ಲಿ ನಾನೇ ಬರೆದುಕೊಟ್ಟೆ.

ಆದರೆ ಪೆಂಗ್ವಿನ್‌ನ ಒಂದು ಗುಣ ಇತ್ತು. ಅದು ದಿನಾ ಓಡುತ್ತಿರಲಿಲ್ಲ. ನೀವು ಸರಿಯಾಗಿದ್ದೀರಿ ಅಂತ ಅದಕ್ಕೆ ತಿಳಿಯಬೇಕಾದರೆ ಅದು ಮತ್ತೊಮ್ಮೆ ಓಡಬೇಕು. 2014ರ ಅಕ್ಟೋಬರ್‌ನಲ್ಲಿ ಓಡಿದ್ದು ಮತ್ತೆ ಹೊಸದಾಗಿ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಹತ್ತಿರ ಹತ್ತಿರ ಎರಡು ವರ್ಷ. ಅಲ್ಲಿಂದೀಚೆಗೆ ಅದು ಸದಾ ಓಡುತ್ತದೆ, ಕೆಟ್ಟ ಲಿಂಕಿಗೆ ಶಿಕ್ಷೆ ಕೊಡುವ ಬದಲು ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಹಸಿರು ಪಟ್ಟಿಯ ಅಂಕ ತೋರಿಸೋದನ್ನೂ ಅದೇ 2016ರಲ್ಲಿ ನಿಲ್ಲಿಸಿದರು. ಇವೆರಡೂ ಹದಿನೈದು ವರ್ಷ ಮೊದಲೇ ಆಗಿದ್ದರೆ ಅನ್ನಿಸುತ್ತದೆ. ಆದರೆ ಆಗ ಯಾರಿಗೆ ಗೊತ್ತಿತ್ತು. ನಾನು 2013ರಲ್ಲೇ ಆ ಕೆಲಸ ಬಿಟ್ಟು ಬ್ಯಾಂಕಿಂಗ್ ಸಾಫ್ಟ್‌ವೇರಿಗೆ ಬಂದೆ. ಬಿಡುವಾಗ ಗೌಡರಿಗೆ ಫೋನ್ ಮಾಡಲಿಲ್ಲ.

ಇವೆಲ್ಲ ಮರೆತೇ ಹೋಗಿತ್ತು ಅನ್ನುವಾಗ 2021ರ ಜೂನ್ 3 ಬಂತು. ಆ ದಿನ ನಿಮಗೂ ನೆನಪಿರುತ್ತದೆ. ಭಾರತದ ಅತಿ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ದೊಡ್ಡ ಅಕ್ಷರದಲ್ಲಿ 'ಕನ್ನಡ' ಅಂತ ತೋರಿಸುತ್ತಿತ್ತು. ಸಚಿವರು ನೋಟಿಸ್ ಕೊಡ್ತೀವಿ ಅಂದರು, ಗೂಗಲ್ ಅವತ್ತೇ ಕ್ಷಮೆ ಕೇಳಿತು. ನಮ್ಮ ಆಫೀಸಿನ ವಾಟ್ಸಾಪ್ ಗುಂಪು ಕುದಿಯುತ್ತಿತ್ತು. ನಾನು ಮಾತ್ರ ಆ ಉತ್ತರ ಎಲ್ಲಿಂದ ಬಂತು ಅಂತ ನೋಡಿದೆ. ಸಾಲ ತೀರಿಸೋ ವಿಷಯದ ಹೆಸರಿಟ್ಟುಕೊಂಡ ಯಾವುದೋ ಇಂಗ್ಲಿಷ್ ಸೈಟು. ಭಾಷೆಗೂ ಅದಕ್ಕೂ ಏನು ಸಂಬಂಧ? ಏನೂ ಇಲ್ಲ. ಜನ ಏನೇನು ಹುಡುಕಬಹುದು ಅಂತ ಊಹಿಸಿ ಎಲ್ಲದಕ್ಕೂ ಒಂದೊಂದು ಸಾಲು ಉತ್ತರ ಬರೆದಿಡುವ ಪುಟಗಳನ್ನ ನಾನು ಒಂದು ಕಾಲದಲ್ಲಿ ಬೇಕಾದಷ್ಟು ನೋಡಿದ್ದೆ. ಇದೂ ಆ ಜಾತಿಯದೇ ಅಂತ ನನಗನ್ನಿಸಿತು. ಈ ಉತ್ತರದ ಪೆಟ್ಟಿಗೆ ಬಂದ ಮೇಲೆ ಹತ್ತು ಸಾಲಿನ ಜಗಳ ಒಂದೇ ಸಾಲಿಗೆ ಬಂದು ನಿಂತಿದೆ. ಆ ಪ್ರಶ್ನೆಗೆ ಬೇರೆ ಯಾರೂ ಉತ್ತರ ಬರೆದಿರಲಿಲ್ಲ, ಯಾಕಂದರೆ ಅದು ಪ್ರಶ್ನೆಯೇ ಅಲ್ಲ. ಖಾಲಿ ಬಸ್ಸಿನಲ್ಲಿ ಒಂದೇ ಟವೆಲ್ಲು, ಅದಕ್ಕೇ ಮೊದಲ ಸೀಟು. ಎಲ್ಲರೂ ಗೂಗಲ್‌ಗೆ ಬೈಯುತ್ತಿದ್ದರು. ಅಂಥ ಪುಟ ಬರೆಯೋಕೆ ಕೂತಿರಬಹುದಾದ ಹುಡುಗನ ಮುಖ ನನಗೆ ಕಾಣುತ್ತಿತ್ತು.

ಕಳೆದ ಡಿಸೆಂಬರ್‌ನಲ್ಲಿ ಹೆಂಡತಿ ಮಗಳ ಜೊತೆ ಸಕಲೇಶಪುರಕ್ಕೆ ಹೋದೆ. ಹೋಂಸ್ಟೇ ಇದೆಯೋ ಇಲ್ಲವೋ ಅಂತ ಫೋನಿನ ಮ್ಯಾಪಿನಲ್ಲಿ ನೋಡಿದರೆ ಇತ್ತು, ನಾಲ್ಕು ಚಿಲ್ಲರೆ ಸ್ಟಾರ್ ಜೊತೆಗೆ. ರೂಮು ಐದಾಗಿತ್ತು. ಗೌಡರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ನನ್ನ ಗುರುತು ಸಿಗಲಿಲ್ಲ. ರಾತ್ರಿ ಅಕ್ಕಿರೊಟ್ಟಿ ಬಡಿಸುವಾಗ ನಾನೇ ಹೇಳಿದೆ, ಆ ಆಫೀಸಿನ ಹುಡುಗ ನಾನೇ ಅಂತ. ಹಾಗೇ ಸಾವಿರದಿನ್ನೂರು ಲಿಂಕಿನ ಕಥೆಯನ್ನೂ ಹೇಳಿದೆ.

ಅವರು ಸ್ವಲ್ಪ ಹೊತ್ತು ರೊಟ್ಟಿಯ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. "ಆ ಸಾಲ ತೀರ್ಸೋಕೆ ಎರಡೆಕ್ರೆ ತೋಟ ಕೊಟ್ಟೆ ನಾನು" ಅಂದರು. ಆಮೇಲೆ, "ಇನ್ನೊಂದ್ ರೊಟ್ಟಿ ಹಾಕ್ಲಾ?"

ಬೆಳಗ್ಗೆ ಹೊರಡುವಾಗ ನೋಡಿದೆ, ಊಟದ ಹಾಲಿನ ಗೋಡೆಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ: ಐದು ಸ್ಟಾರ್ ಕೊಟ್ಟು ತೋರಿಸಿದವರಿಗೆ ಕಾಲು ಕೇಜಿ ಕಾಫಿಪುಡಿ ಉಚಿತ. "ಇದೆಲ್ಲ ಮಾಡ್ಬಾರ್ದು ಗೌಡ್ರೆ, ಸಿಕ್ಕಿಬಿದ್ರೆ ಕಷ್ಟ" ಅಂದೆ. "ಪಕ್ಕದ್ ಎಸ್ಟೇಟಿನೋರು ಅರ್ಧ ಕೇಜಿ ಕೊಡ್ತಾರೆ" ಅಂದರು ಅವರು. "ನೀವೂ ಒಂದ್ ಹಾಕಿ ಹೋಗಿ."

ಅಲ್ಲೇ ಜಗಲಿಯ ಮೇಲೆ ನಿಂತು ಬರೆದೆ. ಅಕ್ಕಿರೊಟ್ಟಿ ಬಗ್ಗೆ, ಹಳೇ ಮನೆಯ ಬಗ್ಗೆ, ಬಿಸಿನೀರು ತಡವಾಗಿ ಬಂದದ್ದು, ಹಳ್ಳದ ದಾರಿಯಲ್ಲಿ ಇಂಬಳ ಹತ್ತೋದು, ಎಲ್ಲ ಕಂಡ ಹಾಗೆ. ನಾಲ್ಕು ಸ್ಟಾರ್ ಕೊಟ್ಟೆ. ಗೌಡರು ಕನ್ನಡಕ ಹಾಕಿಕೊಂಡು ನನ್ನ ಫೋನ್ ತಗೊಂಡು ನಿಧಾನಕ್ಕೆ ಪೂರ್ತಿ ಓದಿದರು.

"ಇಂಬಳದ್ದು ಯಾಕ್ರೀ ಬರೆದ್ರಿ?" ಅಂದರು. ಕಾಫಿಪುಡಿ ಪೊಟ್ಟಣವನ್ನು ಮಾತ್ರ ಮಗಳ ಕೈಗೆ ಕೊಟ್ಟರು.